ಬೆಟ್ಟದ ನೆರಳಿನ ಲೆಕ್ಕ

ಬೇಸಿಗೆಯಲ್ಲಿ ಮರದ ಆರೈಕೆ ಎಂದರೆ ನೀರು ಹೊರುವುದು. ಬಯಲುಸೀಮೆಯ ಮಟ್ಟಿಗೆ ಈ ಮಾತು ಸರಿ. ಮಾಗಡಿ ತಾಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ, ಪತಿ ಚಿಕ್ಕಯ್ಯನವರೊಡನೆ ಕೊಡ ಹೊತ್ತೇ ಕುದೂರು ದಾರಿಯ ಆಲದ ಸಸಿಗಳನ್ನು ಉಳಿಸಿದರು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು, ನೆರಳು ಉಳಿದಿದೆ. ನಮ್ಮ ಶಿರಸಿ ಸೀಮೆಯ ಮತ್ತಿಘಟ್ಟದಂಥ ಊರುಗಳಲ್ಲಿ ಲೆಕ್ಕ ಬೇರೆ. ಇಲ್ಲಿ ಮಳೆ ಧಾರಾಳ. ಒಣ ತಿಂಗಳುಗಳಲ್ಲಿ ಮರ ಕೇಳುವುದು ನಾವು ಕೈ ತಡೆಯುವುದನ್ನು.

ನಮ್ಮ ಅಡಿಕೆ ತೋಟಗಳಿರುವುದು ಕಣಿವೆಯ ತಳದಲ್ಲಿ. ನೈಋತ್ಯದ ಇಳಿಬಿಸಿಲು ಅಡಿಕೆ ಮರಕ್ಕೆ ನೇರ ಬಡಿದರೆ ಕಾಂಡದ ಮೇಲೆ ಹಳದಿ ಕಲೆ ಬೀಳುತ್ತದೆ, ಅದು ಕಂದಾಗಿ ಸೀಳುತ್ತದೆ, ಮುಂದೊಂದು ದಿನ ಗಾಳಿಗೆ ಮರ ಅಲ್ಲಿಯೇ ಮುರಿಯುತ್ತದೆ. ಎಳೆಮರಕ್ಕೆ ಸೋಗೆ ಕಟ್ಟಬಹುದು. ಇಡೀ ತೋಟಕ್ಕೆ ಕಟ್ಟುವವರು ಯಾರು? ಅದಕ್ಕೇ ಪಡುವಣ ಅಂಚಿನ ಹಲಸು, ಮಾವು, ನೇರಳೆಗಳಿಗೆ ಕತ್ತಿ ತಾಗಿಸಬಾರದು. ಮತ್ತಿ ಊರಿನ ಹೆಸರಿನಲ್ಲೇ ಇದ್ದರೂ ಕಡುಬೇಸಿಗೆಗೆ ಎಲೆ ಉದುರಿಸಿ ನಿಲ್ಲುತ್ತದೆ. ನೆರಳಿಗೆ ಅದೊಂದನ್ನೇ ನಂಬಿದರೆ ಸಾಲದು.

ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಬ್ರಿಟಿಷರ ಆಳ್ವಿಕೆಯಲ್ಲಿ ಕಾಡು ಸರ್ಕಾರದ್ದಾಯಿತು. ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಉಳಿಯಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಹಕ್ಕನ್ನು ಎಕರೆಯಲ್ಲಿ ಅಳೆಯಬಹುದು, ಅಕ್ಕರೆಯನ್ನು ಅಳೆಯಲು ಬರುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿತು. ಹೊರಗಿನ ಕೊಡಲಿಯನ್ನು ಹಾಗೆ ತಡೆಯಬಹುದು. ದರಕು ಗುಡಿಸುವ ನಮ್ಮದೇ ಪೊರಕೆಯನ್ನು ತಡೆಯುವವರು ಯಾರು?

ದರಕು ಮರದ ಬೇಸಿಗೆಯ ಹೊದಿಕೆ. ಅಷ್ಟನ್ನೂ ಗೊಬ್ಬರದ ಗುಂಡಿಗೆ ಒಯ್ದರೆ ಬೆಟ್ಟದ ನೆಲ ಬತ್ತಲಾಗುತ್ತದೆ, ಇಂಗಿದ ತೇವ ಬೇಗ ಆರುತ್ತದೆ. ನಾನು ಟೊಂಗೆಗಳ ಹರವಿನಡಿಯ ದರಕನ್ನು ಮುಟ್ಟುವುದಿಲ್ಲ. ಬುಡದ ಸುತ್ತ ಒಂದು ಗೇಣು ಮಾತ್ರ ಬಿಡಿಸುತ್ತೇನೆ. ಬೆಂಕಿಯ ಭಯವಿರುವುದರಿಂದ ಬೆಟ್ಟದ ಗಡಿಯಲ್ಲಿ ಅಗಲವಾಗಿ ಗುಡಿಸಿ ಬೆಂಕಿರೇಖೆ ಮಾಡುತ್ತೇನೆ. ಮಳೆಗೆ ಮುಂಚೆ ಇಳಿಜಾರಿನಲ್ಲಿ ಇಂಗುಗುಂಡಿ ತೆಗೆಸುತ್ತೇನೆ. ಹೊಸದಾಗಿ ನೆಟ್ಟ ಸಸಿಗೆ ಮೊದಲ 2-3 ಬೇಸಿಗೆ ಸಂಜೆಯ ನೀರು, ಪಡುವಣಕ್ಕೆ ಸೋಗೆಯ ತಟ್ಟಿ.

ಹೀಗೆ ಮಾಡಿದರೆ ಆ ವರ್ಷ ಗೊಬ್ಬರ ಕಡಿಮೆಯಾಗುತ್ತದೆ. ಅದು ನಷ್ಟವೇ, ಸುಳ್ಳಲ್ಲ. ಆದರೆ ಗೊಬ್ಬರದ ಕೊರತೆಯನ್ನು ಮರುವರ್ಷ ತುಂಬಿಕೊಳ್ಳಬಹುದು. ಪಡುವಣದ ಒಂದು ಹಲಸು ಒಣಗಿದರೆ, ಆ ನೆರಳು ಮತ್ತೆ ಬೆಳೆಯುವಷ್ಟರಲ್ಲಿ ತೋಟಕ್ಕೆ ಬೇರೆ ಯಜಮಾನ ಬಂದಿರುತ್ತಾನೆ.