ಸವಡಿಯ ಮೊಲ, ಶಾಲೆಯ ಮೊಲ

ಸಿಂಹವನ್ನು ಬಾವಿಗೆ ಕೆಡವಿದ ಮೊಲದ ಕಥೆ ಕೇಳದೆ ಬೆಳೆದ ಕನ್ನಡದ ಮಗು ಅಪರೂಪ. ಆದರೆ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ರೋಣ ತಾಲ್ಲೂಕಿನ ಮನುಷ್ಯ ಎಂಬ ಮಾತು ಆ ಕಥೆಯ ಜೊತೆಗೆ ಅಷ್ಟಾಗಿ ಬರುವುದಿಲ್ಲ. ಕಿಸುಕಾಡು ನಾಡಿನ ಸಯ್ಯಡಿ ಅಗ್ರಹಾರ, ಅಂದರೆ ಇಂದಿನ ಸವಡಿ, ಅವನ ಊರು. ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು 1031ರ ಸುಮಾರಿಗೆ ಈ ಚಂಪೂಕಾವ್ಯ ಬರೆದ. ಅದೇ ಕಾಲದಲ್ಲಿ ದೊರೆಯ ಸೋದರಿ ಅಕ್ಕಾದೇವಿ ‘ಕಿಸುಕಾಡು ಎಪ್ಪತ್ತು’ ಎಂದು ಕರೆಯುತ್ತಿದ್ದ ಇದೇ ನಾಡನ್ನು ಆಳುತ್ತಿದ್ದಳು. ಗಜೇಂದ್ರಗಡದ ಸೀಮೆಯ ಸೂಡಿಯಲ್ಲಿ ಅವಳ ಹೆಸರಿನ ನೆನಪು ಇನ್ನೂ ಉಳಿದಿದೆ. ಕನ್ನಡದ ಮೊಲದ ಚರಿತ್ರೆ ಬರೆಯುವವರು ಈ ಮಣ್ಣಿನಿಂದಲೇ ಶುರುಮಾಡಬೇಕು.

ಸಂಧಿ ಮತ್ತು ಯುದ್ಧವೇ ಕೆಲಸವಾಗಿದ್ದ ಅಧಿಕಾರಿಗೆ ಪಂಚತಂತ್ರ ಮಕ್ಕಳ ಕಥೆಯಾಗಿ ಕಂಡಿರಲಾರದು. ಜಯಸಿಂಹನಿಗೆ ಚೋಳರೊಡನೆ ಬಿಡದ ಕದನ. ಆ ಹೊತ್ತಿನಲ್ಲಿ ಪಂಚತಂತ್ರದ ಮೊಲ ರಾಜನೀತಿಯ ಪಾಠವೇ ಆಗಿತ್ತು. ಸಿಂಹದ ಮುಂದೆ ಅದರ ಆಯುಧ ಎರಡೇ: ತಡವಾಗಿ ಹೋಗುವುದು, ನಂಬುವ ಹಾಗೆ ಮಾತಾಡುವುದು. ಪಂಚತಂತ್ರ ಪರಂಪರೆಯ ಇನ್ನೊಂದು ಕಥೆಯಲ್ಲಿ ಆನೆಗಳ ಹಿಂಡು ಕೆರೆಗೆ ಬಂದು ದಂಡೆಯ ಮೊಲಗಳನ್ನು ತುಳಿಯುತ್ತದೆ. ವಿಜಯನೆಂಬ ಮೊಲ ಚಂದ್ರನ ದೂತನೆಂದು ಹೇಳಿಕೊಂಡು, ನೀರಲ್ಲಿ ನಡುಗುವ ಚಂದ್ರಬಿಂಬವನ್ನು ತೋರಿಸಿ ಆನೆರಾಯನನ್ನು ಹಿಂದಕ್ಕೆ ಕಳಿಸುತ್ತದೆ. ದೂತನಿಗೆ ಇರಬೇಕಾದ ಧೈರ್ಯ, ಮಾತು, ಸಮಯಪ್ರಜ್ಞೆ ಎಲ್ಲವೂ ಇಲ್ಲಿವೆ. ಆನೆಯ ಹೆಸರನ್ನೇ ಹೊತ್ತ ಗಜೇಂದ್ರಗಡದಲ್ಲಿ ಕೂತು ಕೇಳಿದರೆ ಈ ಕಥೆಯ ರುಚಿಯೇ ಬೇರೆ.

ದುರ್ಗಸಿಂಹ ಹಿಡಿದದ್ದು ವಿಷ್ಣುಶರ್ಮನ ದಾರಿಯನ್ನಲ್ಲ, ವಸುಭಾಗಭಟ್ಟನ ದಾರಿಯನ್ನು. ಆ ಶಾಖೆಯ ಕಥೆಗಳು ಕಡಲು ದಾಟಿ ಜಾವಾ, ಸಿಯಾಂ, ಲಾವೋಸ್‌ಗಳಿಗೆ ಹೋದುದನ್ನು ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು ಗುರುತಿಸಿದರು. ಮಲಯ ಮತ್ತು ಜಾವಾದ ಜನರ ಕಥೆಗಳಲ್ಲಿ ಇಂಥ ಜಾಣತನ ಮೊಲದ್ದಲ್ಲ, ಕಾಂಚಿಲ್ ಎಂಬ ಪುಟ್ಟ ಬರ್ಕದ್ದು, ಅಂದರೆ ಇಲಿಜಿಂಕೆಯದ್ದು. ನಮ್ಮ ಹಳ್ಳಿಯ ಬಾಯಿಮಾತಿನ ಕಥೆಗಳಲ್ಲೂ ಜಾಣತನದ ದೊಡ್ಡ ಪಾಲು ನರಿಯದೇ. ಮೊಲಕ್ಕೆ ಸಿಕ್ಕಿದ್ದು ಕಡಿಮೆ. ಮೊಲ ಮೆರೆದದ್ದು ಬರಹದ ಪರಂಪರೆಯಲ್ಲಿ ಎಂದೇ ನನ್ನ ಎಣಿಕೆ.

ಮುಂದಿನ ಶತಮಾನದಲ್ಲಿ ಬಸವಣ್ಣನವರ ಒಂದು ವಚನ ಮೊಲವನ್ನು ಅರಮನೆಯ ನೀತಿಯಿಂದ ಸಂತೆಯ ಬೆಲೆಗೆ ಇಳಿಸಿತು. ಬೇಟೆಯಾಡಿ ತಂದ ಮೊಲಕ್ಕಾದರೂ ಕಾಸು ಹುಟ್ಟುತ್ತದೆ, ನೆಲವಾಳಿದ ದೊರೆಯ ಹೆಣಕ್ಕೆ ಒಂದಡಿಕೆಯ ಬೆಲೆಯೂ ಇಲ್ಲ ಎಂಬುದು ಅದರ ಸಾರ. ಸಿಂಹವನ್ನು ಸೋಲಿಸಿದ ಮೊಲಕ್ಕಿಂತ ಈ ಸತ್ತ ಮೊಲವೇ ಅರಸೊತ್ತಿಗೆಗೆ ಹೆಚ್ಚು ಪೆಟ್ಟು ಕೊಟ್ಟಿತು. ಕನ್ನಡದಲ್ಲಿ ಮೊಲದ ಬಗ್ಗೆ ಬಂದ ಮಾತುಗಳಲ್ಲಿ ನನಗೆ ಇದಕ್ಕಿಂತ ದೊಡ್ಡದು ಕಾಣುವುದಿಲ್ಲ.

ಅರಸರು ಸುಮ್ಮನಿರಲಿಲ್ಲ, ಮೊಲವನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೇಟೆನಾಯಿಗಳಿಗೆ ಹೆದರಿ ಓಡುವ ಬದಲು ಮೊಲವೇ ತಿರುಗಿಬಿದ್ದು ಅವನ್ನು ಕಚ್ಚಿದ ಜಾಗದಲ್ಲಿ ವಿಜಯನಗರ ಕಟ್ಟಿದರೆಂಬ ಐತಿಹ್ಯವನ್ನು 1535ರ ಸುಮಾರಿಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟ. ಕೆಂಪೇಗೌಡರ ಬೆಂಗಳೂರಿಗೂ ಇಂಥದೇ ಕಥೆಯಿದೆ, ದೂರದ ಅಹಮದಾಬಾದಿಗೂ ಇದೆ. ನೆಲದ ಗುಣದಿಂದ ಮೊಲ ಗಂಡೆದೆ ತೋರಿತು ಎಂಬ ವಾದ ಎಲ್ಲ ಕಡೆಯೂ ಒಂದೇ. ಮುಧೋಳದ ನಾಯಿ ಮೊಲದ ಬೆನ್ನು ಹತ್ತುವುದನ್ನು ಕಂಡ ಈ ಸೀಮೆಯವರಿಗೆ ಅದು ಎಂಥ ಪವಾಡವೆಂದು ಬಿಡಿಸಿ ಹೇಳಬೇಕಿಲ್ಲ.

ಚಂದ್ರನ ಮೊಲ ಇವೆಲ್ಲಕ್ಕಿಂತ ಹಳೆಯದು. ಅತಿಥಿಗೆ ಕೊಡಲು ಏನೂ ಇಲ್ಲದೆ ತಾನೇ ಬೆಂಕಿಗೆ ಹಾರಿದ ಮೊಲದ ಚಿತ್ರವನ್ನು ಇಂದ್ರ ಚಂದ್ರನ ಮೇಲೆ ಬರೆದನೆಂದು ಬೌದ್ಧರ ಜಾತಕ ಹೇಳುತ್ತದೆ. ಕಾಯಿ ಬಿದ್ದ ಸದ್ದಿಗೆ ಭೂಮಿಯೇ ಕುಸಿಯಿತೆಂದು ಓಡಿದ ಪುಕ್ಕಲು ಮೊಲವೂ ಜಾತಕಗಳದ್ದೇ. ಚಂದ್ರನ ಮೊಲದ ನೆನಪು ಮಾತ್ರ ಇನ್ನೂ ಹೋಗಿಲ್ಲ: ಚೀನಾ 2013ರಲ್ಲಿ ಅಲ್ಲಿ ಇಳಿಸಿದ ಗಾಲಿಬಂಡಿಗೆ ಯುಟು, ಪಚ್ಚೆ ಮೊಲ, ಎಂದು ಹೆಸರಿಟ್ಟಿತು.

ಇಂಗ್ಲಿಷ್ ಶಿಕ್ಷಣ ಬಂದ ಮೇಲೆ ನಮ್ಮ ಮೊಲದ ನಡತೆಯೇ ಬದಲಾಯಿತು. ಈಸೋಪನ ಓಟದ ಕಥೆಯಲ್ಲಿ ಅದು ಜಂಬದಿಂದ ನಿದ್ದೆ ಹೋಗಿ ಆಮೆಗೆ ಸೋತಿತು. ಇಂದಿನ ಮಕ್ಕಳಿಗೆ ಸಿಂಹದ ಕಥೆಯಷ್ಟೇ ಇದೂ ಬಾಯಿಪಾಠ. 1865ರ ಆಲಿಸಳ ಕಥೆಯನ್ನು ನಾ. ಕಸ್ತೂರಿ ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಿಸಿದಾಗ ಗಡಿಯಾರ ನೋಡುತ್ತ ಓಡುವ ಬಿಳಿ ಮೊಲವೂ ಕನ್ನಡಕ್ಕೆ ಬಂತು. 1902ರ ಪೀಟರ್ ರ್‍ಯಾಬಿಟ್, 1940ರ ಬಗ್ಸ್ ಬನ್ನಿ ಟಿವಿಯಲ್ಲಿ ಬಂದವು. ಬಗ್ಸ್ ಬನ್ನಿಯಲ್ಲಿ ಹಳೆಯ ಜಾಣತನ ಸ್ವಲ್ಪ ಉಳಿದಿದೆ; ಉಳಿದವು ಮುದ್ದಿಗೆ ಮಾತ್ರ.

ನನ್ನ ತಕರಾರು ಇರುವುದು ಇಲ್ಲಿ. ಬಿಲ ತೋಡಿ ಗುಂಪಾಗಿ ಬಾಳುವ, ಕುರುಡು ಮರಿ ಹಾಕುವ ಸಾಕುಮೊಲ ಯುರೋಪಿನ ಪ್ರಾಣಿ. ರೋಣ, ನರಗುಂದದ ಎರೆಹೊಲದ ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಮೈ ಒತ್ತಿ ಕೂರುತ್ತದೆ. ಅದರ ಮರಿ ಕಣ್ಣು ತೆರೆದೇ, ಮೈತುಂಬ ಕೂದಲಿದ್ದೇ ಹುಟ್ಟುತ್ತದೆ. ಮೈ ಕಂದು, ಕತ್ತಿನ ಹಿಂದೆ ಕಪ್ಪು ಪಟ್ಟೆ. 1972ರ ವನ್ಯಜೀವಿ ಕಾಯ್ದೆಯಡಿ ಅದರ ಬೇಟೆ ಇಂದು ಅಪರಾಧ, ಆದರೂ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ: ಪಂಚತಂತ್ರದ ಮಕ್ಕಳ ಪುಸ್ತಕ ತೆರೆದರೆ ಸಿಂಹದ ಎದುರು ನಿಂತಿರುವುದು ಕೆಂಪು ಕಣ್ಣಿನ ಬಿಳಿ ಸಾಕುಮೊಲ. ಬೋನಿನಲ್ಲಿ ಬೆಳೆದ ಪ್ರಾಣಿ ಕಾಡಿನ ರಾಜನಿಗೆ ದಾರಿ ತಪ್ಪಿಸಿತೆಂದರೆ ಮಗು ಯಾಕೆ ನಂಬಬೇಕು? ಈ ಕಥೆಗೆ ಮುಂದೆ ಚಿತ್ರ ಬರೆಯುವ ಕಲಾವಿದರು ಬಿಳಿಜೋಳದ ಕೊಯ್ಲಿನ ಹೊತ್ತಿಗೆ ಸವಡಿಯ ಕಡೆ ಬರಲಿ. ಕೊಯ್ಲು ಕೊನೆಯ ಸಾಲುಗಳಿಗೆ ಬಂದಾಗ ಒಳಗಿದ್ದ ಮೊಲ ಹೊರಗೆ ಚಿಮ್ಮುತ್ತದೆ.