ಆಘಾತಪ್ರಜ್ಞ ಆಪ್ತಸಮಾಲೋಚಕ: ಚಿತ್ರದುರ್ಗ ಸೀಮೆಯಲ್ಲಿ ವೃತ್ತಿ ಮತ್ತು ವಿಧಾನ

ಹಿಂಸೆ, ದುರ್ಮರಣ, ಅಪಘಾತ, ಲೈಂಗಿಕ ದೌರ್ಜನ್ಯ ಮೊದಲಾದ ದಾರುಣ ಅನುಭವಗಳಿಗೆ ಸಿಲುಕಿದವರ ಭಯ, ಮೌನ, ಕೋಪಗಳನ್ನು ಸ್ವಭಾವದೋಷವೆಂದೆಣಿಸದೆ ಆ ಅನುಭವದ ಪರಿಣಾಮವೆಂದು ಗ್ರಹಿಸಿ, ನೆರವು ನೀಡುವ ಕ್ರಮವೇ ಮತ್ತೊಂದು ಪೆಟ್ಟಾಗದಂತೆ ಎಚ್ಚರವಹಿಸಿ, ಸಂಭಾಷಣೆಯ ಮೂಲಕ ಅವರನ್ನು ಸ್ವಸ್ಥಸ್ಥಿತಿಗೆ ತರಲು ಯತ್ನಿಸುವ ವೃತ್ತಿನಿರತರನ್ನು ಆಘಾತಪ್ರಜ್ಞ ಆಪ್ತಸಮಾಲೋಚಕರೆಂದು ಕರೆಯಬಹುದು. ಮಹಾನಗರಗಳಲ್ಲಿ ಇದು ಬಹುಮಟ್ಟಿಗೆ ಖಾಸಗಿ ಚಿಕಿತ್ಸಾಲಯದ ವೃತ್ತಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಾದರೋ ಇದನ್ನು ನಿರ್ವಹಿಸುವವರು ಸಾಮಾನ್ಯವಾಗಿ ಸರ್ಕಾರದ ಯಾವುದಾದರೊಂದು ಯೋಜನೆಯ ಅಡಿಯಲ್ಲಿ, ಅನೇಕ ವೇಳೆ ಗುತ್ತಿಗೆಯ ಮೇಲೆ, ನಿಯುಕ್ತರಾದವರು. ಅವರಲ್ಲಿ ಸ್ತ್ರೀಯರೇ ಹೆಚ್ಚು.

ಚಾರಿತ್ರಿಕ ಹಿನ್ನೆಲೆ

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರದ ವ್ಯವಸ್ಥಿತ ಅಧ್ಯಯನ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೊದಲಾಯಿತು. ಮೈಸೂರಿನಲ್ಲೇ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು ಮುಂದೆ ‘ಶರಪಂಜರ’ ಕಾದಂಬರಿಯನ್ನು ಬರೆದು, ಮನೋರೋಗದಿಂದ ಗುಣಮುಖಳಾಗಿ ಬಂದವಳನ್ನು ಮನೆ ಮತ್ತು ನೆರೆಹೊರೆಗಳೇ ಹೇಗೆ ಮತ್ತೆ ಅದರತ್ತ ನೂಕುತ್ತವೆಂಬುದನ್ನು ಚಿತ್ರಿಸಿದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದ ಮೇಲೆ ಈ ವಿಷಯದಲ್ಲಿ ಜನಸಾಮಾನ್ಯರಿಗೆ ದೊರೆತ ತಿಳಿವಳಿಕೆ ಯಾವ ಪಠ್ಯಗ್ರಂಥದಿಂದಲೂ ದೊರೆತಿರಲಾರದು. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು 1954ರಲ್ಲಿ ಎಂ. ವಿ. ಗೋವಿಂದಸ್ವಾಮಿಯವರ ಮುಂದಾಳುತನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆಗಳೆರಡೂ ಕೂಡಿ ನಿಮ್ಹಾನ್ಸ್ ಎನಿಸಿದುವು.

ಆಘಾತವನ್ನು ಕುರಿತ ವಿಚಾರ ಈ ಸಂಸ್ಥೆಯಲ್ಲಿ ಬೆಳೆದುದು ಪಾಶ್ಚಾತ್ಯ ಗ್ರಂಥಗಳ ವ್ಯಾಸಂಗದಿಂದ ಮಾತ್ರವಲ್ಲ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ ತೊಂಬತ್ತಕ್ಕೂ ಮಿಕ್ಕಿ ಜನ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡವರ ಶೋಕದ ಗತಿಯನ್ನು ನಿಮ್ಹಾನ್ಸಿನ ಎಚ್. ಎಸ್. ನಾರಾಯಣನ್ ಮತ್ತು ಅವರ ಸಹೋದ್ಯೋಗಿಗಳು ಅಭ್ಯಸಿಸಿ 1987ರಲ್ಲಿ ಪ್ರಕಟಿಸಿದ ಲೇಖನ, ಸಾಮೂಹಿಕ ದುರಂತದ ಮಾನಸಿಕ ಪರಿಣಾಮವನ್ನು ಕುರಿತು ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲೊಂದು. ಅಷ್ಟರಲ್ಲೇ 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತ ಸಂಭವಿಸಿತ್ತು. ಅಲ್ಲಿಗೆ ತೆರಳಿದವರಲ್ಲಿ ಒಬ್ಬರಾದ ಆರ್. ಶ್ರೀನಿವಾಸಮೂರ್ತಿಯವರೂ ಅವರ ಸಂಗಡಿಗರೂ, ಮನೋವೈದ್ಯರ ಸಂಖ್ಯೆ ಅತ್ಯಲ್ಪವಾಗಿರುವ ದೇಶದಲ್ಲಿ ಸಾಮಾನ್ಯ ವೈದ್ಯಾಧಿಕಾರಿಗಳಿಗೆ ಮನೋವೈದ್ಯಕೀಯದ ಪ್ರಾಥಮಿಕ ಕೌಶಲಗಳನ್ನು ಕಲಿಸುವುದೊಂದೇ ಮಾರ್ಗವೆಂದು ಕಂಡು, ಅದಕ್ಕಾಗಿ ಕೈಪಿಡಿಯನ್ನು ಸಿದ್ಧಪಡಿಸಿದರು. ಈ ಆಲೋಚನೆ ಅವರಿಗೆ ಹೊಸದಾಗಿರಲಿಲ್ಲ. ಬೆಂಗಳೂರಿನ ಸಮೀಪದ ಸಕಲವಾರದಲ್ಲಿ 1970ರ ದಶಕದಿಂದ ನಡೆದಿದ್ದ ಗ್ರಾಮೀಣ ಪ್ರಯೋಗ ಅದಕ್ಕೆ ತಳಹದಿಯಾಗಿತ್ತು. ಚಿತ್ರದುರ್ಗಕ್ಕೆ ನೆರೆಯದಾದ ಬಳ್ಳಾರಿಯಲ್ಲಿ 1985ರಿಂದ ನಡೆದ ಜಿಲ್ಲಾ ಮಟ್ಟದ ಪ್ರಯೋಗವೇ ಮುಂದೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2001ರ ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ಸಂದರ್ಭಗಳಲ್ಲಿ ಈ ಕ್ರಮ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ, ಊರಿನ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿಯನ್ನು ಕೊಡಲಾಯಿತು. ಆಹಾರ, ವಸತಿ, ಪರಿಹಾರಧನದ ಅರ್ಜಿ ಇವು ಮಾನಸಿಕ ಚಿಕಿತ್ಸೆಯ ಹೊರಗಿನವಲ್ಲ, ಅದರ ಮೊದಲ ಭಾಗವೇ ಎಂಬ ತತ್ತ್ವ ಈ ಪರಂಪರೆಯ ಮುಖ್ಯ ಕೊಡುಗೆಯೆಂದು ಭಾವಿಸಲು ಅವಕಾಶವುಂಟು.

ಪಶ್ಚಿಮದಲ್ಲಿ 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘ ಆಘಾತೋತ್ತರ ಒತ್ತಡದ ವ್ಯಾಧಿಯನ್ನು ತನ್ನ ವರ್ಗೀಕರಣದಲ್ಲಿ ಸೇರಿಸಿತು. 1992ರಲ್ಲಿ ಜೂಡಿತ್ ಹರ್ಮನ್ ಚೇತರಿಕೆಗೆ ಸುರಕ್ಷತೆ, ಸ್ಮರಣೆ ಹಾಗೂ ಶೋಕ, ಪುನಸ್ಸಂಬಂಧ ಎಂಬ ಮೂರು ಘಟ್ಟಗಳನ್ನು ಹೇಳಿದರು. 2001ರಲ್ಲಿ ಹ್ಯಾರಿಸ್ ಮತ್ತು ಫ್ಯಾಲಟ್ ಎಂಬವರು ಸುರಕ್ಷತೆ, ವಿಶ್ವಾಸಾರ್ಹತೆ, ಆಯ್ಕೆ, ಸಹಕಾರ, ಸಬಲತೆ ಎಂಬ ಐದನ್ನು ಸೇವಾಸಂಸ್ಥೆಗಳೆಲ್ಲಕ್ಕೂ ಅನ್ವಯಿಸತಕ್ಕ ತತ್ತ್ವಗಳನ್ನಾಗಿ ನಿರೂಪಿಸಿದರು.

ಶಿಕ್ಷಣ ಮತ್ತು ಅರ್ಹತೆ

ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾನೂನಿನಂತೆ ನೋಂದಣಿ ಅವಶ್ಯ. ಆಪ್ತಸಮಾಲೋಚಕರಿಗೆ ಅಂಥ ಏಕರೂಪದ ಕಟ್ಟುಪಾಡು ಬಹುಕಾಲ ಇರಲಿಲ್ಲ. 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ಆಯೋಗದ ಕಾನೂನು ಅವರನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ತಾಲ್ಲೂಕುಗಳಲ್ಲಿ ಕಾಣುವವರು ಸಾಮಾನ್ಯವಾಗಿ ಸಮಾಜಕಾರ್ಯದಲ್ಲಿಯೋ ಮನಶ್ಶಾಸ್ತ್ರದಲ್ಲಿಯೋ ಸ್ನಾತಕೋತ್ತರ ಪದವಿಯನ್ನು ಪಡೆದು, ಆಘಾತಕ್ಕೆ ಸಂಬಂಧಿಸಿದ ವಿಶೇಷ ಜ್ಞಾನವನ್ನು ಉದ್ಯೋಗಕ್ಕೆ ಸೇರಿದ ಮೇಲೆ ಅಲ್ಪಕಾಲದ ತರಬೇತಿಗಳಿಂದ ಗಳಿಸಿಕೊಂಡವರು. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್‌ನಂಥ ವಿಶಿಷ್ಟ ಚಿಕಿತ್ಸೆಗಳು ಬೇಕಾದವರನ್ನು ದೊಡ್ಡ ಊರುಗಳಿಗೆ ಕಳುಹಿಸಬೇಕಾಗಿ ಬರುವುದೇ ಹೆಚ್ಚು.

ಕಾರ್ಯಕ್ಷೇತ್ರ

ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರ ನೊಂದ ಮಹಿಳೆಯರಿಗಾಗಿ ತೆರೆದ, ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆವ ‘ಸಾಂತ್ವನ’ ಕೇಂದ್ರಗಳು, 2015ರಿಂದೀಚೆಗೆ ಅದೇ ಉದ್ದೇಶದ ಕೇಂದ್ರ ಯೋಜನೆಯಾಗಿ ಬಂದ ‘ಸಖಿ’ ಕೇಂದ್ರಗಳು, ಜಿಲ್ಲಾ ಮಾನಸಿಕ ಆರೋಗ್ಯ ತಂಡ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸುವುದೆಂದು ರಾಜ್ಯದಲ್ಲಿ ರೂಪಿಸಿದ ‘ಮನೋಚೈತನ್ಯ’ ಚಿಕಿತ್ಸಾಲಯ ಇವು ಈ ವೃತ್ತಿಯ ಪ್ರಧಾನ ನೆಲೆಗಳು.

ಸೀಮೆಯ ಸ್ವರೂಪ ಪ್ರಕರಣಗಳ ಸ್ವರೂಪವನ್ನೂ ನಿರ್ಣಯಿಸುತ್ತದೆ. ಹಿರಿಯೂರು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳವಾದುದರಿಂದ ಅಪಘಾತದಲ್ಲಿ ಬದುಕುಳಿದವರೂ ಮಡಿದವರ ಬಂಧುಗಳೂ ಬರುತ್ತಾರೆ. ಹೊಸದುರ್ಗ, ಹೊಳಲ್ಕೆರೆಗಳ ತೆಂಗು ಅಡಕೆಯ ತೋಟಗಳು ಕೊಳವೆಬಾವಿಗಳನ್ನು ನೆಚ್ಚಿರುವುವು. ಬಾವಿ ಬತ್ತಿದ ವರ್ಷ ಸಾಲ ಬೆಳೆಯುತ್ತದೆ, ಒಮ್ಮೊಮ್ಮೆ ಅದು ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. ರೈತರ ಆತ್ಮಹತ್ಯೆಗಳನ್ನು ವಿಚಾರಿಸಲು ಸರ್ಕಾರ ನೇಮಿಸಿದ ಜಿ. ಕೆ. ವೀರೇಶ್ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ, ಸಾಲಕ್ಕಿಂತ ವೈಯಕ್ತಿಕ ಕಾರಣಗಳಿಗೆ ಹೆಚ್ಚು ಒತ್ತುಕೊಟ್ಟಿತೆಂಬ ಆಕ್ಷೇಪಕ್ಕೆ ಗುರಿಯಾಯಿತು. ಸಾಲವೋ ಮನಸ್ಸೋ ಎಂಬ ಆ ವಾದ ವಿಧವೆಯ ಮುಂದೆ ಕುಳಿತ ಸಮಾಲೋಚಕಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದು. ಗಂಡನ ಸಾವು ಪರಿಹಾರಕ್ಕೆ ಅರ್ಹವೇ ಎಂದು ಅಧಿಕಾರಿಗಳು ವಿಚಾರಣೆ ನಡೆಸುತ್ತಿರುವಾಗ, ಅದೇ ಸಾವಿನ ವೃತ್ತಾಂತವನ್ನು ಮೇಲಿಂದ ಮೇಲೆ ಹೇಳಬೇಕಾದ ಆಕೆಗೆ ಶೋಕಿಸಲು ವ್ಯವಧಾನವೇ ದೊರೆಯುವುದಿಲ್ಲ. ಸಾಲಪತ್ರಗಳನ್ನು ಹೊಂದಿಸಿಕೊಡುವುದು ಇಲ್ಲಿ ಸಮಾಲೋಚನೆಯ ಅಂಗವೇ ಆಗುತ್ತದೆ.

ವಿಧಾನ

ಬಂದವರು ‘ಎದೆ ಹಿಡಿದಂತಾಗುತ್ತದೆ’, ‘ಕೈಕಾಲು ಜೋಮು ಹಿಡಿಯುತ್ತದೆ’, ‘ನಿದ್ದೆ ಹತ್ತುವುದಿಲ್ಲ’ ಎಂದು ದೇಹದ ಬಾಧೆಯನ್ನೇ ಹೇಳುವುದು ವಾಡಿಕೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿಕೊಂಡು, ದೇವರಲ್ಲಿ ಕೇಳಿಸಿ, ಆ ಮೇಲೆ ಆಸ್ಪತ್ರೆಗೆ ಬಂದವರೂ ಉಂಟು. ಅನುಭವಿಯಾದ ಸಮಾಲೋಚಕಿ ತಾಯಿತವನ್ನು ಹಳಿಯುವುದಿಲ್ಲ. ಅದನ್ನು ಕಟ್ಟಿಸಿದವರು ಯಾರು, ಮನೆಯಲ್ಲಿ ಈಕೆಯ ಪಕ್ಷ ವಹಿಸುವವರು ಯಾರು ಎಂಬುದನ್ನು ಅದರಿಂದಲೇ ತಿಳಿದುಕೊಳ್ಳುತ್ತಾಳೆ. ಜೊತೆಗೆ ಬಂದ ಅತ್ತೆಯನ್ನೋ ಗಂಡನನ್ನೋ ನಯವಾಗಿ ಹೊರಗೆ ಕೂರಿಸುವುದು, ಬಾಗಿಲ ಕಡೆಗೆ ಬೆನ್ನಾಗದಂತೆ ಆಸನವನ್ನು ಆಯ್ದುಕೊಳ್ಳಲು ಬಿಡುವುದು, ಏನನ್ನು ಬರೆದುಕೊಳ್ಳುತ್ತೇನೆ, ಅದನ್ನು ಯಾರು ಓದಬಹುದು ಎಂದು ಮೊದಲೇ ತಿಳಿಸುವುದು ಇವು ಆರಂಭದ ಕ್ರಮಗಳು. ಘಟನೆಯನ್ನು ಹೇಳೆಂದು ಒತ್ತಾಯಿಸುವಂತಿಲ್ಲ. ಹೇಳುತ್ತಿರುವಾಗ ಉಸಿರು ಕಟ್ಟಿದರೆ, ನೋಟ ಶೂನ್ಯವಾದರೆ, ಪಾದಗಳನ್ನು ನೆಲಕ್ಕೆ ಊರಿಸಿ, ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸಹೇಳಿ, ವರ್ತಮಾನಕ್ಕೆ ಕರೆತರಬೇಕು. ಹರ್ಮನ್ ಹೇಳಿದ ಮೂರು ಘಟ್ಟಗಳಲ್ಲಿ ಮೊದಲನೆಯದರಲ್ಲೇ ಇಲ್ಲಿನ ಕೆಲಸದ ಬಹುಭಾಗ ಕಳೆಯುತ್ತದೆ. ಹೊಡೆಯುವ ಮನೆಗೇ ಸಂಜೆ ಹಿಂದಿರುಗಬೇಕಾದವಳಿಗೆ ಎರಡನೆಯ ಘಟ್ಟವನ್ನು ತೆರೆಯುವುದು ಅಪಾಯಕರವೂ ಆದೀತು.

ಈ ಸೀಮೆಯ ಕಾಡುಗೊಲ್ಲ ಸಮುದಾಯದ ಕೆಲವು ಹಟ್ಟಿಗಳಲ್ಲಿ ಮುಟ್ಟು ಮತ್ತು ಬಾಣಂತನದ ದಿನಗಳಲ್ಲಿ ಹೆಂಗಸರನ್ನು ಹೊರಗಿರಿಸುವ ರೂಢಿ ಪೂರ್ಣವಾಗಿ ಅಳಿದಿಲ್ಲವಾದುದರಿಂದ, ಭೇಟಿಯ ದಿನವನ್ನು ಗೊತ್ತುಮಾಡುವಾಗ ಅದನ್ನೂ ಗಮನಿಸಬೇಕಾಗುತ್ತದೆ.

ಕಾನೂನಿನ ಪರಿಮಿತಿ

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾನೂನು ಆಘಾತಪ್ರಜ್ಞೆಯನ್ನು ಆ ಹೆಸರಿನಿಂದ ಕರೆಯದಿದ್ದರೂ ಅದರ ಅನೇಕಾಂಶಗಳನ್ನು ಒಳಗೊಂಡಿದೆ: ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿದ್ದು ಮಗುವಿನ ಹೇಳಿಕೆಯನ್ನು ಬರೆದುಕೊಳ್ಳಕೂಡದು, ಸಾಕ್ಷ್ಯ ನುಡಿಯುವಾಗ ಮಗು ಆರೋಪಿಗೆ ಎದುರಾಗದಂತೆ ನೋಡಿಕೊಳ್ಳಬೇಕು, ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆಸಬಾರದು. ಆದರೆ ಅದೇ ಕಾನೂನು ಅಪರಾಧವನ್ನು ತಿಳಿದವರೆಲ್ಲರೂ ಅದನ್ನು ವರದಿ ಮಾಡತಕ್ಕದ್ದೆಂದು ವಿಧಿಸಿರುವುದರಿಂದ, ಬಾಲ್ಯವಿವಾಹವಾಗಿ ಗರ್ಭಿಣಿಯಾಗಿ ಬಂದ ಹುಡುಗಿಯೊಡನೆ ಗೋಪ್ಯತೆಯ ಸಂಪೂರ್ಣ ಭರವಸೆಯನ್ನು ಕೊಡುವುದು ಸಾಧ್ಯವಿಲ್ಲ. ಗುಟ್ಟು ಕೇಳಿದ ಮೇಲೆ ಈ ನಿರ್ಬಂಧವನ್ನು ತಿಳಿಸುವುದು ವಿಶ್ವಾಸಘಾತವಾಗುತ್ತದಾಗಿ, ಕೇಳುವ ಮುನ್ನವೇ ತಿಳಿಸುವುದು ಯುಕ್ತವೆಂಬುದು ಈ ಲೇಖಕನ ಅಭಿಪ್ರಾಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾನೂನು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸಬೇಕೆಂದು ಹೇಳಿ, ಅವರ ಆರೈಕೆಯನ್ನು ಸರ್ಕಾರದ ಕರ್ತವ್ಯವನ್ನಾಗಿಸಿದೆ.

ದೂರವಾಣಿ ಸಮಾಲೋಚನೆ

2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲೂ ಲಭ್ಯ. ಮೊಬೈಲು ಗಂಡನದೋ ಮಗನದೋ ಆಗಿರುವ ಮನೆಗಳಲ್ಲಿ ಕರೆಯ ದಾಖಲೆಯೇ ಜಗಳಕ್ಕೆ ಕಾರಣವಾಗಬಹುದಾದುದರಿಂದ, ಸಂಖ್ಯೆಯನ್ನು ಕೊಡುವ ಮೊದಲು ಮೊಬೈಲು ಯಾರದು, ಯಾವ ಹೊತ್ತಿನಲ್ಲಿ ಆಕೆಯ ಕೈಗೆ ಬರುತ್ತದೆ ಎಂದು ವಿಚಾರಿಸಿಕೊಳ್ಳುವುದು ಅಗತ್ಯ.