ಮಿಸ್ ಮಾರ್ಪಲ್ ಹಳ್ಳಿಗೆ ಗುರುತಿನ ಚೀಟಿ ಬಂದಾಗ

ಶುಕ್ರವಾರ ಬೆಳಿಗ್ಗೆ ಊರಿನ ವಾರಪತ್ರಿಕೆ ಮನೆಮನೆಗೆ ಬಂದು ಬೀಳುತ್ತದೆ. ಸಣ್ಣ ಜಾಹೀರಾತುಗಳ ನಡುವೆ ಒಂದು ವಿಚಿತ್ರ ಪ್ರಕಟಣೆ: ಸಂಜೆ ಆರೂವರೆಗೆ ಇಂಥವರ ಮನೆಯಲ್ಲಿ ಕೊಲೆ. ಧಾಟಿ ಮಾತ್ರ ಥೇಟ್ ಗೃಹಪ್ರವೇಶದ ಕರೆಯೋಲೆಯದು. ಇದೇನೋ ಆಟವಿರಬೇಕೆಂದುಕೊಂಡ ನೆರೆಹೊರೆಯವರು ಒಂದೊಂದು ನೆಪ ಹೂಡಿ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಾರೆ. ಬಂದವರಿಗೆಲ್ಲ ಒಂದೇ ಅಚ್ಚರಿ. ಕಲ್ಲಿದ್ದಲಿಗೆ ಇಷ್ಟು ತತ್ವಾರವಿರುವಾಗ ಈ ಮನೆಯನ್ನು ಅಕ್ಟೋಬರ್‌ನಲ್ಲೇ ಬೆಚ್ಚಗೆ ಕಾಯಿಸಿದ್ದಾರಲ್ಲ!

ಅಗಾಥಾ ಕ್ರಿಸ್ಟಿಯವರ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ ಆರಂಭವಾಗುವುದು ಹೀಗೆ. 1950ರಲ್ಲಿ ಹೊರಬಂದ ಇದನ್ನು ಲೇಖಕಿಯ 50ನೇ ಪುಸ್ತಕವೆಂದು ಪ್ರಕಾಶಕರು ಸಾರಿದ್ದರು. ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳಿಗೆ ‘ಕೋಜಿ’ ಎಂಬ ಹೆಸರಿದೆ. ರಕ್ತ ಕಡಿಮೆ, ಟೀ ಜಾಸ್ತಿ. ಪತ್ತೆ ಮಾಡುವವರು ಪೊಲೀಸರಲ್ಲ, ಉಣ್ಣೆ ಹೆಣೆಯುತ್ತ ಕೂತಿರುವ ಮಿಸ್ ಜೇನ್ ಮಾರ್ಪಲ್ ಎಂಬ ಅವಿವಾಹಿತ ವೃದ್ಧೆ. 1927ರ ಡಿಸೆಂಬರ್‌ನಲ್ಲಿ ಸಣ್ಣಕತೆಯೊಂದರಲ್ಲಿ ಮೊದಲು ಕಾಣಿಸಿಕೊಂಡ ಈಕೆಯ ಹೆಸರಿನಲ್ಲಿ 1930ರಿಂದ 1976ರವರೆಗೆ 12 ಕಾದಂಬರಿಗಳು ಬಂದವು. ಹೊತ್ತು ಕಳೆಯಲೆಂದು ಓದುವ ಈ ಪುಸ್ತಕಗಳನ್ನು ಪ್ರಕಟವಾದ ಕ್ರಮದಲ್ಲೇ ಓದಿದರೆ, ಕೊಲೆಗಳ ಹಿಂದೆ ಒಂದು ಹಳ್ಳಿ ಕರಗುತ್ತಿರುವುದು ಕಾಣುತ್ತದೆ.

ಮಾರ್ಪಲ್ ಅವರ ಬಂಡವಾಳವೆಂದರೆ ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿ. ಮೀನಂಗಡಿಯ ಹುಡುಗ ಹೇಗೆ ಸುಳ್ಳು ಹೇಳಿದ, ಮನೆಗೆಲಸದವಳು ಯಾಕೆ ಬಿಟ್ಟುಹೋದಳು ಎಂಬಂಥ ಸಂಗತಿಗಳಿಂದಲೇ ಆಕೆ ಕೊಲೆಗಾರರ ಸ್ವಭಾವವನ್ನು ಗುರುತಿಸುತ್ತಾರೆ. ನಾವು ಚಾಡಿ, ಹರಟೆ ಎಂದು ಮೂಗು ಮುರಿಯುವುದನ್ನು ಕ್ರಿಸ್ಟಿ ತಿಳಿವಳಿಕೆಯೆಂದು ಪರಿಗಣಿಸಿದರು. ತಮ್ಮ ಅಜ್ಜಿಯ ಗೆಳತಿಯರ ಛಾಯೆ ಮಾರ್ಪಲ್‌ಳಲ್ಲಿದೆ ಎಂದು ಆತ್ಮಕತೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಮೊದಲ ಮಹಾಯುದ್ಧದ ನಂತರದ 1921ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಹೆಚ್ಚಿದ್ದರು. ಅಂದಿನ ಪತ್ರಿಕೆಗಳು ಅವರನ್ನು ‘ಹೆಚ್ಚುವರಿ ಹೆಂಗಸರು’ ಎಂದು ಕರೆದವು, ಉಗ್ರಾಣದಲ್ಲಿ ಉಳಿದ ದವಸವೋ ಎಂಬಂತೆ. ಮಾರ್ಪಲ್ ಆ ಪೀಳಿಗೆಗಿಂತ ಹಿರಿಯಳು, ನಿಜ. ಆದರೂ ಯಾರೂ ಲೆಕ್ಕಕ್ಕಿಡದ ಒಂಟಿ ಹೆಂಗಸೇ ಎಲ್ಲವನ್ನೂ ಗಮನಿಸಿರುತ್ತಾಳೆಂಬ ಕತೆಯನ್ನು ಆ ಕಾಲದ ಓದುಗಿಯರು ಸುಮ್ಮನೆ ಓದಿರಲಾರರು.

ಈ ತಿಳಿವಳಿಕೆಗೆ ಪೆಟ್ಟು ಕೊಟ್ಟದ್ದು ಎರಡನೇ ಮಹಾಯುದ್ಧ. ಬ್ರಿಟನ್‌ನಲ್ಲಿ 1940ರ ಜನವರಿಯಲ್ಲಿ ಆರಂಭವಾದ ಆಹಾರ ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. 1939ರಲ್ಲಿ ಕೊಟ್ಟ ಗುರುತಿನ ಚೀಟಿ 1952ರವರೆಗೆ ಜಾರಿಯಲ್ಲಿತ್ತು. ಸಾಮಾನ್ಯರ ಚೀಟಿಯಲ್ಲಿ ಭಾವಚಿತ್ರವೂ ಇರಲಿಲ್ಲ, ಬೆರಳಚ್ಚೂ ಇರಲಿಲ್ಲ. ಜಾಹೀರಾತು ಕೊಟ್ಟು ಕೊಲೆ ಮಾಡುವ ಈ ಕಾದಂಬರಿಯ ಜೀವ ಇರುವುದೇ ಇಲ್ಲಿ. ಹಿಂದೆ ಊರಿಗೆ ಹೊಸಬರು ಬಂದರೆ ಪರಿಚಯಸ್ಥರ ಪತ್ರ ಮೊದಲೇ ಬರುತ್ತಿತ್ತು. ಈಗ ಯಾರೋ ಬಂದು ಮನೆ ಹಿಡಿಯುತ್ತಾರೆ, ಅವರು ತಮ್ಮ ಬಗ್ಗೆ ಹೇಳಿಕೊಂಡದ್ದೇ ಸತ್ಯ. ಹೀಗೆಂದು ಮಾರ್ಪಲ್ ಪೊಲೀಸ್ ಅಧಿಕಾರಿಗೆ ವಿವರಿಸುತ್ತಾರೆ. ಆ ಊರಿನ ಹೊಸಬರಲ್ಲಿ ಭಾರತದಿಂದ ಮರಳಿದ ಕರ್ನಲ್ ಒಬ್ಬರೂ ಇದ್ದಾರೆ. 1947ರ ನಂತರ ಇಲ್ಲಿಂದ ಹೊರಟ ಅಧಿಕಾರಿಗಳು ಎಲ್ಲಿಗೆ ಹೋದರೆಂಬ ನಮ್ಮ ಕುತೂಹಲಕ್ಕೆ ಇದೂ ಒಂದು ಉತ್ತರ. ಕೊಲೆಗಾರರು ಯಾರೆಂದು ಮಾತ್ರ ಇಲ್ಲಿ ಹೇಳುವುದಿಲ್ಲ, ಓದುವವರ ಶಾಪ ಯಾರಿಗೆ ಬೇಕು?

ಇನ್ನೊಂದು ಗುರುತು ಗಾಸಿಂಗ್ಟನ್ ಹಾಲ್ ಎಂಬ ದೊಡ್ಡ ಮನೆ. 1942ರ ‘ದಿ ಬಾಡಿ ಇನ್ ದ ಲೈಬ್ರರಿ’ಯಲ್ಲಿ ಅದು ಕರ್ನಲ್ ಬ್ಯಾಂಟ್ರಿ ದಂಪತಿಗಳದು. 1962ರಲ್ಲಿ ಪ್ರಕಟವಾದ ಇನ್ನೊಂದು ಕಾದಂಬರಿಯ ಹೊತ್ತಿಗೆ ಕರ್ನಲ್ ತೀರಿಕೊಂಡಿದ್ದಾರೆ. ಮನೆ ಮಾರಿದ ಅವರ ವಿಧವೆ ಗೇಟಿನ ಬಳಿಯ ಪುಟ್ಟ ಮನೆಯಲ್ಲಿದ್ದಾರೆ. ದೊಡ್ಡ ಮನೆಗೆ ಸಿನಿಮಾ ನಟಿ ಬಂದಿದ್ದಾಳೆ. ಬುಟ್ಟಿ ಅಂಗಡಿಯಿದ್ದ ಜಾಗದಲ್ಲಿ ಸೂಪರ್ ಮಾರ್ಕೆಟ್ ಎದ್ದಿದೆ, ಹುಲ್ಲುಗಾವಲಿನಲ್ಲಿ ಹೊಸ ಬಡಾವಣೆ.

ಕ್ರಿಸ್ಟಿ ಇಲ್ಲಿ ಹಳೆಯ ಕಾಲ ಹೋಯಿತೆಂದು ಗೋಳಾಡಿದ್ದರೆ ಪುಸ್ತಕ ಸಪ್ಪೆಯಾಗುತ್ತಿತ್ತು. ಕಾವಲಿಗಿಟ್ಟ ಹೆಂಗಸಿನ ಕಣ್ಣು ತಪ್ಪಿಸಿ ಮಾರ್ಪಲ್ ಒಂಟಿಯಾಗಿ ಬಡಾವಣೆ ನೋಡಲು ಹೋಗುತ್ತಾರೆ. ಅಲ್ಲಿ ಎಡವಿ ಬೀಳುತ್ತಾರೆ. ಗುರುತೇ ಇಲ್ಲದ ಹೆಂಗಸೊಬ್ಬಳು ಎಬ್ಬಿಸಿ, ಮನೆಯೊಳಗೆ ಕೂರಿಸಿ, ಟೀ ಕೊಟ್ಟು ಉಪಚರಿಸುತ್ತಾಳೆ. ಆಕೆಯ ಊರು, ಕುಲ ಏನೂ ಗೊತ್ತಿಲ್ಲದಿದ್ದರೂ, ಮಾತು ಕೇಳುತ್ತಲೇ ಮಾರ್ಪಲ್‌ಗೆ ಹಿಂದೆ ಪರಿಚಯವಿದ್ದ ಇನ್ನೊಬ್ಬಳು ನೆನಪಾಗುತ್ತಾಳೆ. ಒಳ್ಳೆಯ ಮನಸ್ಸಿದ್ದೂ ಎದುರಿಗಿರುವವರಿಗೆ ಏನನ್ನಿಸುತ್ತದೆಂದು ಒಮ್ಮೆಯೂ ಯೋಚಿಸದವಳು ಅವಳು. ಟೀ ಕೊಟ್ಟ ಹೆಂಗಸು ಕೆಲವೇ ದಿನಗಳಲ್ಲಿ ಗಾಸಿಂಗ್ಟನ್ ಹಾಲ್‌ನ ಔತಣವೊಂದರಲ್ಲಿ ಸಾಯುತ್ತಾಳೆ.